ಸಂದಿಸ್ವರ

ಆಗಲಪ್ಪನವರು ಹಾರ್ಮೋನಿಯಂ ಕೊಳ್ಳಲು ಹೋಗಿರಲಿಲ್ಲ. ಈ ಮಾತನ್ನು ಇಲ್ಲೇ ಹೇಳಿಬಿಡುವುದು ವಾಸಿ. ಯಾಕೆಂದರೆ ಆಮೇಲೆ ಅವರು ಅದನ್ನು ಯಾರ ಮುಂದೆಯೂ ಒಪ್ಪಿಕೊಳ್ಳಲಿಲ್ಲ.

ಅವರು ಹೋದದ್ದು ಮೇಜು ತರಲು. ಹೆಂಡತಿಗೆ ಮನೆಯ ಮುಂಭಾಗದಲ್ಲೇ ಒಂದು ಹೊಲಿಗೆ ಅಂಗಡಿ. ದಾರದುಂಡೆ, ಗುಂಡಿ, ಕತ್ತರಿ ಎಲ್ಲವನ್ನೂ ಒಳಗಿಟ್ಟು ಮುಚ್ಚಬಹುದಾದ ಮೇಜೊಂದು ಬೇಕೆಂದು ಆಕೆ ಬಹಳ ದಿನದಿಂದ ಹೇಳುತ್ತಿದ್ದಳು. ಹಳೆಯ ಸಾಮಾನಿನ ಅಂಗಡಿಯ ಮೂಲೆಯಲ್ಲಿ ಆಗಲಪ್ಪನವರ ಕಣ್ಣಿಗೆ ಬಿದ್ದ ಮೇಜು ಕಪ್ಪು ಮರದ್ದು, ಗಟ್ಟಿಮುಟ್ಟಾದದ್ದು. ಮೇಲೆ ಓರೆಯಾದ ಮುಚ್ಚಳ. ಕೆಳಗೆ ಪಾದವಿಡಲು ಎರಡು ಹಲಗೆ ಬೇರೆ. ಕೆಲಸ ಮಾಡುವವರ ಕಾಲಿನ ಬಗ್ಗೆ ಇಷ್ಟು ಕಾಳಜಿಯಿಂದ ಯೋಚಿಸಿದ ಬಡಗಿ ಯಾರಿರಬಹುದೆಂದು ಅವರ ಮನಸ್ಸು ತುಂಬಿ ಬಂತು.

"ಮುಚ್ಚಳ ಸ್ವಲ್ಪ ಬಿಗಿಯಾಗಿದೆ ಸಾರ್, ಮನೆಗೆ ಹೋಗಿ ತೆಗ್ಸಿಕೊಳ್ಳಿ" ಎಂದ ಅಂಗಡಿಯವನು.

"ಆಗ್ಲಿ" ಎಂದರು ಆಗಲಪ್ಪನವರು.

ಅವರ ಹೆಸರು ಬಂದದ್ದೇ ಹೀಗೆ. ತಂದೆತಾಯಿ ಇಟ್ಟ ಹೆಸರು ಬೇರೆ ಇತ್ತು. ಅದು ಸಂಬಳದ ದಿನ ಮಾತ್ರ ಉಪಯೋಗಕ್ಕೆ ಬರುತ್ತಿತ್ತು. ನೀರು ಸರಬರಾಜು ಇಲಾಖೆಯ ದೂರಿನ ವಿಭಾಗದಲ್ಲಿ ಅವರು ಗುಮಾಸ್ತರು. ನಲ್ಲಿಯಲ್ಲಿ ಹನಿ ನೀರಿಲ್ಲ ಎಂದು ಬಂದವರಿಗೂ "ಆಗ್ಲಿ", ರಸ್ತೆಯ ತುಂಬ ನೀರು ನಿಂತಿದೆ ಎಂದು ಬಂದವರಿಗೂ "ಆಗ್ಲಿ". ಆ ಒಂದು ಮಾತಿನಿಂದ ಅರ್ಧ ಊರು ಸಮಾಧಾನವಾಗಿ ಮನೆಗೆ ಹೋಗುತ್ತಿತ್ತು. ಉಳಿದರ್ಧ ಮರುದಿನ ಬರುತ್ತಿತ್ತು.

ಮನೆಯಲ್ಲಿ ಹೆಂಡತಿ ದೊಡ್ಡ ಕತ್ತರಿಯ ತುದಿ ತೂರಿಸಿ ಮುಚ್ಚಳ ಎಬ್ಬಿಸಿದಳು. ಒಳಗೆ ಬೆರಳಿಂದ ಒತ್ತುವ ಬಿಳಿ ಕರಿ ಸ್ವರದ ಮನೆಗಳು ಹಲ್ಲು ಕಿರಿದವು.

ಹೆಂಡತಿ ಮಾತಾಡಲಿಲ್ಲ. ಹೊರಗಿನವರಿಗೆ ಮೌನವೆಂದರೆ ಒಂದೇ, ಸಂಸಾರಸ್ಥನಿಗೆ ಹಾಗಲ್ಲ. ಆಶ್ಚರ್ಯದ ಮೌನ, ಸಿಟ್ಟಿನ ಮೌನ, ಇವೆರಡರ ನಡುವೆ ಕೂದಲೆಳೆಯಷ್ಟು ಅಂತರದಲ್ಲಿ ಕೂತಿರುವ ಇನ್ನೂ ಏಳೆಂಟು ಮೌನಗಳು, ಎಲ್ಲವನ್ನೂ ಅವನ ಕಿವಿ ಬೇರ್ಪಡಿಸಿ ಕೇಳಬಲ್ಲದು. ಇದು ಅವುಗಳಲ್ಲಿ ಯಾವುದೆಂದು ಆಗಲಪ್ಪನವರಿಗೆ ತಕ್ಷಣ ತಿಳಿಯಿತು.

"ರೀ, ಇದೇನಿದು?"

"ಹಾರ್ಮೋನಿಯಂ."

"ಅದು ಕಾಣಿಸ್ತಾ ಇದೆ. ನಾನು ಹೇಳಿದ್ದು ಮೇಜು."

"ಮೇಜು ಯಾರು ಬೇಕಾದ್ರೂ ತರ್ತಾರೆ ಕಣೇ" ಎಂದರು ಆಗಲಪ್ಪನವರು ಮುಖ ಎತ್ತಿ. "ಮನೇಲಿ ಒಂದಿಷ್ಟು ಸಂಗೀತ ಬೇಡ್ವಾ? ಎಷ್ಟೋ ದಿನದಿಂದ ಯೋಚನೆ ಮಾಡಿಟ್ಟಿದ್ದೆ."

ಅಷ್ಟರಲ್ಲೇ ಬಿಟ್ಟಿದ್ದರೆ ಈ ಕಥೆಗೆ ಅವಕಾಶವಿರುತ್ತಿರಲಿಲ್ಲ. ಆದರೆ ಭಾನುವಾರ ಭಾವಮೈದ ಬಂದ.

ಭಾವಮೈದ ಕನ್ನಡಕದ ಅಂಗಡಿಯವನು. ಊರಿನವರ ದೃಷ್ಟಿಯಲ್ಲಿ ಏನು ದೋಷವಿದೆಯೆಂದು ದಿನವಿಡೀ ಹೇಳಿ ಹೇಳಿ, ರಜೆಯ ದಿನವೂ ಆ ಅಭ್ಯಾಸ ಬಿಡಲಾಗುತ್ತಿರಲಿಲ್ಲ. ಕಾಲೇಜಿನಲ್ಲಿ ಮೌತ್ ಆರ್ಗನ್ ಊದಿದ್ದನಾದ್ದರಿಂದ ಸಂಗೀತದಲ್ಲೂ ತನಗೆ ಮಾತಾಡುವ ಹಕ್ಕಿದೆಯೆಂದು ನಂಬಿದ್ದ. ಅವನು ಗಾಳಿ ತುಂಬುವ ಆ ಕಾಲಿನ ಹಲಗೆಗಳನ್ನು ತುಳಿದು ಎರಡು ಮನೆ ಒಟ್ಟಿಗೆ ಒತ್ತಿದ. ಪೆಟ್ಟಿಗೆಯೊಳಗಿಂದ "ವಂವ್ ವಂವ್ ವಂವ್ ವಂವ್" ಎಂದು ಸದ್ದು ಹೊರಟಿತು.

"ಭಾವಾ, ನಿಮಗೆ ಟೋಪಿ ಹಾಕಿದ್ದಾರೆ. ಇದರ ಶ್ರುತಿ ಪೂರ್ತಿ ಹೋಗಿದೆ. ಸ್ವರಗಳು ಒಂದರ ಮೇಲೊಂದು ಬಿದ್ದು ಹೊಡೆದಾಡ್ತಾ ಇವೆ, ಕೇಳಿಸ್ತಿಲ್ವಾ?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಹೆಂಡತಿ ಕೇಳಿಸಿಕೊಳ್ಳುತ್ತಿದ್ದಳು. ಆಗಲಪ್ಪನವರಿಗೆ ಆ ಕ್ಷಣದಲ್ಲಿ ಎಂದೋ ಗಡ್ಡ ಕೆರೆದುಕೊಳ್ಳುವಾಗ ರೇಡಿಯೋದಲ್ಲಿ ಕಿವಿಗೆ ಬಿದ್ದ ಭಾಷಣವೊಂದು ನೆನಪಾಯಿತು. ನಲ್ಲಿಯ ಸದ್ದಿನಲ್ಲಿ ಅರ್ಧ ಕೊಚ್ಚಿಹೋಗಿದ್ದರೂ ಉಳಿದರ್ಧ ಸಾಕಾಗಿತ್ತು.

"ಶ್ರುತಿ ಹೋಗಿದೆಯಾ?" ಎಂದು ಅವರು ಕರುಣೆಯಿಂದ ನಕ್ಕರು. "ಏನಯ್ಯಾ, ನಿನ್ನ ಮೌತ್ ಆರ್ಗನ್‌ನಲ್ಲಿ ಒಂದು ಸ್ಥಾಯಿಗೆ ಎಷ್ಟು ಸ್ವರ?"

"ಎಲ್ಲದರಲ್ಲೂ ಇರೋ ಹಾಗೆ ಹನ್ನೆರಡು."

"ನೋಡು, ಹನ್ನೆರಡಕ್ಕೇ ನಿಂತುಬಿಟ್ಟೆ. ತಿಳಿದವರು ಅದನ್ನೇ ಮೂವತ್ತೊಂದು ಭಾಗ ಮಾಡಿದ್ದಾರೆ. ಈ ಬಿಳಿ ಮನೆ ಇದೆಯಲ್ಲ, ಪಕ್ಕದ ಕರಿ ಮನೆ ಇದೆಯಲ್ಲ, ಇವೆರಡರ ನಡುವೆ ಒಂದು ಸಂದಿ ಇದೆ. ನಿಜವಾದ ಸ್ವರ ಇರೋದು ಆ ಸಂದೀಲಿ. ಇದು ಸಂದಿಸ್ವರದ ಹಾರ್ಮೋನಿಯಂ. ಸಾಮಾನ್ಯ ಕಿವಿಗೆ ಜಗಳದ ಹಾಗೆ ಕೇಳಿಸುತ್ತೆ. ಪಾಪ, ಅದು ಕಿವಿಯ ತಪ್ಪಲ್ಲ."

ಭಾವಮೈದ ಹಲಗೆಯಿಂದ ಕಾಲು ತೆಗೆದ. ಬೇರೆಯವರ ಕಣ್ಣಿನ ದೋಷ ಹೇಳಿ ಬದುಕುವವನಿಗೆ ತನ್ನ ಕಿವಿಯ ದೋಷವನ್ನು ಮೊದಲ ಸಲ ಯಾರೋ ಹೇಳಿದ್ದರು. ಅಡುಗೆಮನೆಯಲ್ಲಿ ಪಾತ್ರೆ ಮತ್ತೆ ಸದ್ದು ಮಾಡಿತು.

ಕೆಳಗಿನ ಮನೆಯಲ್ಲಿ ಆಗಲಪ್ಪನವರ ಇಲಾಖೆಯ ಟೈಪಿಸ್ಟ್ ಇದ್ದಳು. ಇವರ ನೆಲವೇ ಅವಳ ಚಾವಣಿಯಾದ್ದರಿಂದ ಆಡಿದ ಮಾತೆಲ್ಲ ಅವಳಿಗೆ ಕೇಳಿಸಿತ್ತು. ಸೋಮವಾರ ಬೆಳಿಗ್ಗೆ ಕಚೇರಿಯಲ್ಲಿ ಸುದ್ದಿ ಹಬ್ಬಿತು. ಊಟದ ಹೊತ್ತಿಗೆ ಮೂವತ್ತೊಂದು ಸ್ವರ ಮುನ್ನೂರಾಗಿದ್ದವು. ಸಂಜೆಗೆ ಆಗಲಪ್ಪನವರು ಎಲ್ಲೋ ಗುಟ್ಟಾಗಿ ಹನ್ನೊಂದು ವರ್ಷ ಅಭ್ಯಾಸ ಮಾಡಿದ್ದರು. ಮುಖ್ಯ ಎಂಜಿನಿಯರರ ಕೋಣೆಯಿಂದ ಕರೆ ಬಂತು.

ಮುಖ್ಯ ಎಂಜಿನಿಯರರದು ದೊಡ್ಡ ದನಿ. ಪಂಪ್‌ಹೌಸಿನ ಸದ್ದಿನ ನಡುವೆ ಮಾತಾಡಿ ಬೆಳೆದ ಆ ದನಿ ಕೋಣೆಗೆ ಬಂದ ಮೇಲೂ ಇಳಿದಿರಲಿಲ್ಲ.

"ಏನ್ರೀ ಇದು! ಇಂಥ ಕಲೆ ಇಟ್ಕೊಂಡು ದೂರಿನ ವಿಭಾಗದಲ್ಲಿ ಕೂತಿದ್ದೀರಲ್ರೀ! ಇಲಾಖೆಗಳ ಗಾಯನ ಸ್ಪರ್ಧೆ ಹತ್ತಿರ ಬಂತು. ಪ್ರತಿ ವರ್ಷ ಆ ವಿದ್ಯುತ್ ಇಲಾಖೆಯವರು ಕಪ್ ಹೊಡ್ಕೊಂಡು ಹೋಗಿ, ನನ್ನ ಕಿಟಕಿ ಎದುರಿಗೇ ಇಡ್ತಾರೆ. ಈ ಸಲ ನೀವು ತಂಡ ಕಟ್ಟಬೇಕು."

"ಆಗ್ಲಿ ಸಾರ್" ಎಂದುಬಿಟ್ಟರು ಆಗಲಪ್ಪನವರು.

"ಹಾಡು ನಾನೇ ಬರೆದಿದ್ದೀನಿ. ಇನ್ನೊಂದು ವಿಷಯ." ಅವರು ಮೇಜಿನ ಡ್ರಾಯರ್ ಎಳೆದರು. "ಗುಡ್ಡದ ಮೇಲಿನ ಪಂಪಿಂಗ್ ಸ್ಟೇಷನ್‌ಗೆ ಒಬ್ಬರನ್ನ ಕಳಿಸಬೇಕು. ನಿಮ್ಮದೇ ಆರ್ಡರ್ ಸಿದ್ಧವಾಗಿತ್ತು. ತಡೆದಿಟ್ಟಿದ್ದೀನಿ. ಕಪ್ ಬಂದ್ರೆ ಹರಿದು ಹಾಕ್ತೀನಿ. ಬರದಿದ್ರೆ…"

ಬರದಿದ್ದರೆ ಏನೆಂದು ಹೇಳುವ ಅಗತ್ಯವಿರಲಿಲ್ಲ. ಗುಡ್ಡದ ಮೇಲೆ ಒಂದು ಪಂಪು, ಒಂದು ಕೋಣೆ, ಬೇಕಾದಷ್ಟು ಗಾಳಿ. ಕೊನೆಯ ಬಸ್ಸು ಗುಡ್ಡದ ಬುಡಕ್ಕೇ ನಿಲ್ಲುತ್ತದೆ. ಹೆಂಡತಿ ಅಂಗಡಿ ಬಿಟ್ಟು ಬರುವಂತಿಲ್ಲ; ಒಂದು ರಸ್ತೆಯ ಜನರೆಲ್ಲ ಅವಳು ಅಳೆದು ಹೊಲಿದ ಬಟ್ಟೆಯೊಳಗೆ ಓಡಾಡುತ್ತಿದ್ದರು. ಆಗಲಪ್ಪನವರಿಗೋ ಒಂದು ಲೋಟ ಚಹಾ ಮಾಡಲು ಬರುತ್ತಿರಲಿಲ್ಲ. ಚಹಾ ಹೋಗಲಿ, ದಿನದಲ್ಲಿ ಒಂದಿಷ್ಟು ಬೈಗುಳವಿಲ್ಲದೆ ಅವರಿಗೆ ನಿದ್ದೆಯೂ ಬರುತ್ತಿರಲಿಲ್ಲ.

ಆ ಸಂಜೆ ವಿಷಯ ತಿಳಿದು ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿದಳು. "ಮೇಜು ತಂದಿದ್ರೆ ಇದೆಲ್ಲ ಇರ್ತಿತ್ತಾ?" ಎಂದಳು. ಆಮೇಲೆ ಬಹಳ ಹೊತ್ತು ಸೂಜಿಗೆ ದಾರ ಪೋಣಿಸುತ್ತ ಕೂತಳು. ದಾರ ಆಗಲೇ ಪೋಣಿಸಿಯಾಗಿತ್ತು.

ತಂಡ ಕಟ್ಟಿದ್ದಾಯಿತು. ಮೇಲಿನ ದನಿಗೆ ಟೈಪಿಸ್ಟ್. ಕೆಳಗಿನ ದನಿಗೆ ಮೀಟರ್ ರೀಡರ್. ಬಾವಿಯೊಳಗಿಂದ ಬಂದಂತಿದ್ದ ಅವನ ದನಿ ದಿನಕ್ಕೆ ನಾಲ್ಕು ಮಾತಿಗಿಂತ ಹೆಚ್ಚು ಖರ್ಚಾಗುತ್ತಿರಲಿಲ್ಲ. ನಡುವಿನ ದನಿಗೆ ಕ್ಯಾಷಿಯರ್. ಹಾಡುವಾಗಲೂ ಯಾರೋ ಕಸಿದುಕೊಳ್ಳುತ್ತಾರೇನೋ ಎಂಬಂತೆ ಸ್ವರವನ್ನು ಎದೆಗೆ ಅವಚಿಕೊಂಡೇ ಬಿಡುತ್ತಿದ್ದ. ದಿನವೂ ಕಚೇರಿ ಮುಗಿದ ಮೇಲೆ ಮೂವರೂ ಆಗಲಪ್ಪನವರ ಮನೆಗೆ ಬಂದು ಮುಖ್ಯ ಎಂಜಿನಿಯರರ ಹಾಡು ಹಾಡತೊಡಗಿದರು:

ಹರಿಯುತಿರು ನೀರೇ, ಕೊಳವೆಯಲಿ ಹರಿಯುತಿರು,
ಸೋರದಿರು ನೀರೇ, ಮೀಟರನು ತಿರುಗಿಸುತಿರು.

ಆಗಲಪ್ಪನವರಿಗೆ ನುಡಿಸಲು ಬರುತ್ತಿರಲಿಲ್ಲ. ಆದರೆ ಸಂದಿಸ್ವರದ ವಾದ್ಯ ನುಡಿಸುವುದು ಹೇಗೆಂದು ಬೇರೆ ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಅದು ಹೊರಬೀಳಲಿಲ್ಲ. ಒಂದು ಬೆರಳಿನಿಂದ ಒಂದೊಂದೇ ಮನೆ ಒತ್ತುತ್ತಿದ್ದರು. ಪೆಟ್ಟಿಗೆ ಏನು ಕೂಗುತ್ತದೋ ಅದನ್ನೇ ಆ ಮೂವರು ಹಾಡಬೇಕು.

"ಸಾರ್, ಈ ಗಾಂಧಾರ ಎಲ್ಲಿದೆ ಅಂತಾನೇ ಗೊತ್ತಾಗ್ತಿಲ್ಲ" ಎಂದಳು ಟೈಪಿಸ್ಟ್. "ಮೇಲೆ ಹೋದ್ರೆ ಕೆಳಗಿದೆ, ಕೆಳಗೆ ಬಂದ್ರೆ ಮೇಲಿದೆ."

"ಸಂದೀಲಿದೆ ಕಣಮ್ಮ. ನೇರ ಹೋಗ್ಬೇಡ. ಅಡ್ಡಡ್ಡ ನುಗ್ಗು."

"ನನ್ನ ಕಿವಿಗೆ ಇದು ತಪ್ಪು ಅನ್ಸುತ್ತೆ" ಎಂದ ಕ್ಯಾಷಿಯರ್.

"ಕಿವಿ ನಂಬಬೇಡಿ. ಪೆಟ್ಟಿಗೆ ನಂಬಿ."

ಮೀಟರ್ ರೀಡರ್ ಪೆಟ್ಟಿಗೆಯನ್ನಾಗಲಿ ಆಗಲಪ್ಪನವರನ್ನಾಗಲಿ ನಂಬಿದಂತೆ ಕಾಣಲಿಲ್ಲ. ಕಣ್ಣು ಮುಚ್ಚಿ ಹಾಡುತ್ತಿದ್ದ.

ಮೇಲಿನ ಮನೆಯ ಅಜ್ಜಿ ಮೊದಲ ವಾರ ಪೊರಕೆಯ ಹಿಡಿಯಿಂದ ನೆಲ ಕುಟ್ಟಿದರು. ಎರಡನೆಯ ವಾರ ಮೆಟ್ಟಿಲಿಳಿದು ಬಂದು, "ಯಾರಿಗಮ್ಮ ಹೊಟ್ಟೆನೋವು? ನನ್ನ ಹತ್ರ ಔಷಧಿ ಇದೆ" ಎಂದು ವಿಚಾರಿಸಿದರು. ಮೂರನೆಯ ವಾರ ಕುಟ್ಟಲೂ ಇಲ್ಲ, ಬರಲೂ ಇಲ್ಲ. ಯಾಕೆಂದು ಯಾರೂ ಯೋಚಿಸಲಿಲ್ಲ.

ಯಾಕೆಂದರೆ ಅಷ್ಟು ಹೊತ್ತಿಗೆ ಏನೋ ಆಗಿತ್ತು. ದಿನವೂ ಜೊತೆಗೆ ನಿಂತು ಹಾಡಿ ಹಾಡಿ ಆ ಮೂವರೂ ತಮಗೇ ಗೊತ್ತಿಲ್ಲದೆ ಪೆಟ್ಟಿಗೆಯನ್ನು ಬಿಟ್ಟು ಒಬ್ಬರನ್ನೊಬ್ಬರು ಕೇಳಿಸಿಕೊಳ್ಳತೊಡಗಿದ್ದರು. ಒಂದು ಸಂಜೆ ಕೊನೆಯ ಸಾಲಿನಲ್ಲಿ ಮೂರು ದನಿಗಳೂ ಒಂದರ ಪಕ್ಕದಲ್ಲೊಂದು ಕೂತವು. ಆ "ವಂವ್ ವಂವ್" ಮೆಲ್ಲಗಾಯಿತು, ಇನ್ನೂ ಮೆಲ್ಲಗಾಯಿತು, ನಿಂತೇ ಹೋಯಿತು. ಕೋಣೆಯಲ್ಲಿ ಹೊಸ ಸದ್ದೊಂದು ಹುಟ್ಟಿದಂತಲ್ಲ, ಬಹಳ ಕಾಲದಿಂದ ಇದ್ದ ಗದ್ದಲವೊಂದು ತೆಪ್ಪಗಾದಂತೆ. ಹಾಡುತ್ತಲೇ ಇದ್ದರು, ಆದರೂ ಅಲ್ಲಿ ನಿಶ್ಶಬ್ದವಿತ್ತು.

ಹೆಂಡತಿ ಹೊಲಿಗೆ ನಿಲ್ಲಿಸಿ ಬಾಗಿಲಿಗೆ ಬಂದಳು. "ರೀ, ಇದು ಚೆನ್ನಾಗಿದೆ" ಎಂದಳು.

"ಹೌದಾ?" ಎಂದು ಆಗಲಪ್ಪನವರು ಬೆಚ್ಚಿ, ಕೂಡಲೇ ಸಾವರಿಸಿಕೊಂಡು, "ಹೌದು ಮತ್ತೆ!" ಎಂದರು.

ಸ್ಪರ್ಧೆಯ ಹಿಂದಿನ ದಿನ ಭಾವಮೈದ ಒಂದು ಉಪಕಾರ ಮಾಡಿದ.

ಅಕ್ಕನ ಸಪ್ಪೆ ಮುಖ ನೋಡಿ ಅವನಿಗೆ ಸಂಕಟವಾಗಿತ್ತು. ಸಂದಿಸ್ವರವೆಲ್ಲ ಬೂಟಾಟಿಕೆ, ಆ ಪೆಟ್ಟಿಗೆ ಇಟ್ಟುಕೊಂಡು ಹೋದರೆ ಭಾವ ಗುಡ್ಡ ಹತ್ತುವುದು ಖಂಡಿತ ಎಂದು ಅವನ ಲೆಕ್ಕ. ಆಗಲಪ್ಪನವರು ಕಚೇರಿಯಲ್ಲಿದ್ದ ಹೊತ್ತಿನಲ್ಲಿ ಹಾರ್ಮೋನಿಯಂ ರಿಪೇರಿಯವನನ್ನು ಕರೆತಂದು ಪೆಟ್ಟಿಗೆ ಬಿಚ್ಚಿಸಿ, ಒಳಗೆ ಸ್ವರ ಹೊರಡಿಸುವ ಹಿತ್ತಾಳೆ ನಾಲಗೆಗಳನ್ನೆಲ್ಲ ಕೆರೆಸಿ ಉಜ್ಜಿಸಿ ಶ್ರುತಿ ಮಾಡಿಸಿದ. ಸಂಜೆ ತಂಡದವರ ಜೊತೆ ಆಗಲಪ್ಪನವರು ಬಂದಾಗ ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದ.

"ನುಡಿಸಿ ನೋಡಿ ಭಾವಾ!"

ಆಗಲಪ್ಪನವರು ಗಾಂಧಾರ ಒತ್ತಿದರು. ಸ್ವರ ಸ್ಪಷ್ಟವಾಗಿ, ದುಂಡಗೆ, ಇಸ್ತ್ರಿ ಮಾಡಿದ ಅಂಗಿಯ ಹಾಗೆ ಹೊರಬಂತು.

"ಯಾರು ಇದನ್ನ ಹಾಳು ಮಾಡಿದ್ದು?"

"ಹಾಳಾ? ಸರಿ ಮಾಡ್ಸಿದ್ದು ಭಾವಾ!"

"ನಿನ್ನನ್ನ ಯಾರಯ್ಯ ಸರಿ ಮಾಡು ಅಂದಿದ್ದು?"

"ಸರಿ ಮಾಡೋಕೂ ಅಪ್ಪಣೆ ತಗೋಬೇಕಾ? ಅಕ್ಕಾ, ನೋಡು ಭಾವನ್ನ!"

ಮೂವರೂ ಹಾಡಿ ನೋಡಿದರು. ಎಣ್ಣೆ ಕಾಣದ ಮೂರು ಬಾಗಿಲುಗಳನ್ನು ಒಟ್ಟಿಗೆ ತೆರೆದಂತಾಯಿತು. ಪೆಟ್ಟಿಗೆ ಒಂದು ಕಡೆ, ಇವರು ಒಂದು ಕಡೆ. ಪೆಟ್ಟಿಗೆಯ ದಾರಿಗೆ ಬರೋಣವೆಂದು ಪ್ರಯತ್ನಿಸಿದರೆ ತಮ್ಮ ದಾರಿಯೂ ತಪ್ಪುತ್ತಿತ್ತು.

"ಸಾರ್, ಸರಿಯಾದ ಸ್ವರ ಮರ್ತೇಹೋಗಿದೆ" ಎಂದು ಟೈಪಿಸ್ಟ್ ಕಣ್ಣು ಒರೆಸಿಕೊಂಡಳು. "ಈಗ ರೇಡಿಯೋ ಹಾಡೂ ನನಗೆ ಅಪಸ್ವರ ಅನ್ಸುತ್ತೆ."

"ಪೆಟ್ಟಿಗೆ ಇಲ್ಲದೆ ಹಾಡಿದ್ರೆ?" ಎಂದಳು ಹೆಂಡತಿ.

"ಆಗಲ್ಲ, ಸ್ಪರ್ಧೆಯ ನಿಯಮ. ವಾದ್ಯ ಇರಲೇಬೇಕು" ಎಂದರು ಆಗಲಪ್ಪನವರು. ಅವರ ಕಣ್ಣ ಮುಂದೆ ಗುಡ್ಡ ಎದ್ದು ನಿಂತಿತ್ತು. ಅದರ ತುದಿಯಲ್ಲಿ ಒಲೆ ಹಚ್ಚಲು ಬಾರದ ಒಬ್ಬ ಮನುಷ್ಯ ಖಾಲಿ ಲೋಟ ಹಿಡಿದು ನಿಂತಿದ್ದ.

ಮರುದಿನ ಬೆಳಿಗ್ಗೆ ಆಗಲಪ್ಪನವರೂ ತಂಡದ ಮೂವರೂ ಹಾರ್ಮೋನಿಯಮ್ಮನ್ನು ಇಲಾಖೆಯ ನೀರಿನ ಟ್ಯಾಂಕರಿನ ಮೇಲೆ ಹಗ್ಗದಿಂದ ಬಿಗಿದು ರಿಪೇರಿಯವನ ಅಂಗಡಿಗೆ ತಂದರು. ಅವನು ತನ್ನ ಕೆಲಸವನ್ನು ತಾನೇ ಹೊಗಳಿಕೊಳ್ಳುವುದರಲ್ಲಿ ಯಾರಿಗೂ ಕಡಿಮೆಯಿರಲಿಲ್ಲ.

"ಬನ್ನಿ ಬನ್ನಿ! ಹೊಗಳೋಕೆ ಬಂದ್ರಾ? ಬೇಕಾಗಿಲ್ಲ, ನನ್ನ ಕೈ ನನಗೆ ಗೊತ್ತು."

"ಇದರ ಶ್ರುತಿ ಕೆಡಿಸಿಕೊಡಬೇಕು" ಎಂದರು ಆಗಲಪ್ಪನವರು.

ರಿಪೇರಿಯವನು ಅರವನ್ನು ಕೆಳಗಿಟ್ಟ. "ಇನ್ನೊಂದ್ಸಲ ಹೇಳಿ."

"ನಿನ್ನೆ ನೀವು ಮುಟ್ಟೋ ಮುಂಚೆ ಹೇಗಿತ್ತೋ ಹಾಗೆ ಮಾಡಿಕೊಡಿ."

"ಸ್ವಾಮಿ, ಸರಿಯಾಗಿರೋದು ಒಂದೇ ಥರ. ಕೆಟ್ಟಿರೋದು ಸಾವಿರ ಥರ. ಅದರಲ್ಲಿ ನಿಮ್ಮದು ಯಾವುದು ಅಂತ ನಾನ್ಯಾಕೆ ನೆನಪಿಟ್ಕೊಳ್ಳಲಿ? ಕೆರೆದು ಬಿಸಾಕಿದೆ." ಸ್ವಲ್ಪ ತಡೆದು, ಗುಟ್ಟು ಹೇಳುವವನಂತೆ ಬಾಗಿದ. "ಹಾಗೆ ನೋಡಿದ್ರೆ ನಾವು ಸರಿ ಮಾಡೋದೂ ಪೂರ್ತಿ ಸರಿ ಅಲ್ಲ. ಈ ಹನ್ನೆರಡು ಮನೆ ಇದೆಯಲ್ಲ, ಎಲ್ಲ ಒಟ್ಟಿಗೆ ಸರಿ ಬರೋದೇ ಇಲ್ಲ. ಒಂದಕ್ಕೆ ನ್ಯಾಯ ಮಾಡಿದ್ರೆ ಇನ್ನೊಂದಕ್ಕೆ ಅನ್ಯಾಯ. ಅದಕ್ಕೆ ಇರೋ ತಪ್ಪನ್ನೇ ಚೂರು ಚೂರು ಮಾಡಿ ಎಲ್ಲರಿಗೂ ಸಮವಾಗಿ ಹಂಚಿಬಿಡ್ತೀವಿ. ಯಾರಿಗೂ ಗೊತ್ತಾಗಲ್ಲ."

"ನಮ್ಮ ಇಲಾಖೇಲೂ ಹಾಗೇನೇ" ಎಂದರು ಆಗಲಪ್ಪನವರು ಆತ್ಮೀಯತೆಯಿಂದ.

ದಾರಿ ತೋರಿಸಿದವನು ಮೀಟರ್ ರೀಡರ್. "ನಾವು ಹಾಡ್ತೀವಿ. ಅವರು ಕೆರೀಲಿ" ಎಂದ. ಅವನ ಆ ದಿನದ ನಾಲ್ಕು ಮಾತುಗಳೂ ಅಲ್ಲಿಗೆ ಮುಗಿದವು.

ವಾದ್ಯಕ್ಕೆ ತಕ್ಕಂತೆ ಹಾಡುವವರನ್ನು ರಿಪೇರಿಯವನು ಕಂಡಿದ್ದ; ಹಾಡುವವರಿಗೆ ತಕ್ಕಂತೆ ವಾದ್ಯ ಕೆರೆಯುವುದು ಇದೇ ಮೊದಲು. ಟೈಪಿಸ್ಟ್ ಗಾಂಧಾರ ಹಿಡಿದು ನಿಂತಳು. ಅವನು ಹಿತ್ತಾಳೆ ನಾಲಗೆಯ ಬುಡ ಕೆರೆದ, ಸ್ವರ ಇಳಿಯಿತು. ಹೆಚ್ಚಾಯಿತು, ತುದಿ ಕೆರೆದ, ಏರಿತು. "ಉಸಿರು ಬಿಡಬೇಡಮ್ಮ, ಇನ್ನೊಂಚೂರು!" ಎಂದು ಅವನು, "ಆಆಆಆ" ಎಂದು ಮುಖ ಕೆಂಪಾದ ಟೈಪಿಸ್ಟ್, ಅವಳ ಉಸಿರು ಮುಗಿದಲ್ಲಿಂದ ಎತ್ತಿಕೊಂಡ ಕ್ಯಾಷಿಯರ್. ರಸ್ತೆಯಲ್ಲಿ ಹೋಗುವವರು ನಿಂತರು. ಹಲ್ಲಿನ ಡಾಕ್ಟರ ಅಂಗಡಿ ಇದೆಂದು ತಿಳಿದು ಒಬ್ಬ ದವಡೆ ಹಿಡಿದುಕೊಂಡು ಒಳಗೇ ಬಂದ; ಕೂಗು ಕೇಳಿ ಹಾಗೇ ಹಿಂದಕ್ಕೆ ಹೋದ.

ಮಧ್ಯಾಹ್ನದ ಹೊತ್ತಿಗೆ ರಿಪೇರಿಯವನ ಬಡಾಯಿ ನಿಂತಿತ್ತು. ಮೂರು ಮನೆ ಒಟ್ಟಿಗೆ ಒತ್ತಿ ಕಿವಿ ಇಟ್ಟು ಕೇಳಿದ. ಮತ್ತೆ ಕೇಳಿದ.

"ಅಲೆ ಇಲ್ಲ" ಎಂದ. "ಸ್ವಲ್ಪವೂ ನಡುಗ್ತಾ ಇಲ್ಲ. ನನ್ನ ಶ್ರುತೀಲೂ ಇದು ನಡುಗುತ್ತೆ. ಇವರಿಗೆ ಇದನ್ನ ಕಲಿಸಿದ್ಯಾರು?"

ಮೂವರೂ ಆಗಲಪ್ಪನವರತ್ತ ಕೈ ತೋರಿಸಿದರು.

"ಎಲ್ಲಿ ಕಲಿತ್ರಿ ಸ್ವಾಮಿ?"

"ಹೀಗೇ… ಗಡ್ಡ ಕೆರೆದುಕೊಳ್ಳುವಾಗ" ಎಂದರು ಆಗಲಪ್ಪನವರು. ರಿಪೇರಿಯವನು ಅದನ್ನು ವಿನಯವೆಂದು ತಿಳಿದು ಅಂಗಡಿ ಮುಚ್ಚಿ ಅವರ ಜೊತೆಗೇ ಟ್ಯಾಂಕರ್ ಹತ್ತಿದ. ಅದು ತನ್ನ ಕೈಕೆಲಸವೆಂದು ಸಭೆಯಲ್ಲಿ ನಾಲ್ಕು ಜನಕ್ಕೆ ಹೇಳಬೇಕೆಂಬ ಆಸೆಯೂ ಇತ್ತು.

ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಹೆಂಡತಿ ಮತ್ತು ಭಾವಮೈದ ಒಂದು ಕುರ್ಚಿ ಬಿಟ್ಟು ಕೂತಿದ್ದರು. ಅಕ್ಕ ತಮ್ಮನ ಜೊತೆ ಮಾತು ಬಿಟ್ಟಿದ್ದಳು. ತೀರ್ಪುಗಾರ್ತಿ ಸಂಗೀತ ಶಾಲೆಯ ಮುಖ್ಯಸ್ಥೆ. ಆಕೆ ನಕ್ಕದ್ದನ್ನು ನೋಡಿದವರು ಊರಿನಲ್ಲಿರಲಿಲ್ಲ. ವಿದ್ಯುತ್ ಇಲಾಖೆಯವರು ಒಂದೇ ಬಣ್ಣದ ಅಂಗಿ ಹಾಕಿಕೊಂಡು, ಹೊಸ ಕೀಬೋರ್ಡಿನೊಡನೆ ಒಂದು ತಪ್ಪೂ ಇಲ್ಲದೆ ಹಾಡಿದರು. ಆಕೆ ತಲೆಯಾಡಿಸಿದರು. ಅದೇ ಬಹಳವೆಂದು ಸಭೆ ಚಪ್ಪಾಳೆ ತಟ್ಟಿತು.

ನೀರಿನವರ ಸರದಿ. ಆಗಲಪ್ಪನವರು ಹಲಗೆಯ ಮೇಲೆ ಕಾಲಿಟ್ಟರು. ಆಗ ಪಕ್ಕದಿಂದ ಮುಖ್ಯ ಎಂಜಿನಿಯರರು ಕೋಟಿನ ಗುಂಡಿ ಹಾಕಿಕೊಳ್ಳುತ್ತ ವೇದಿಕೆಗೆ ಬಂದರು.

"ಹಾಡು ನನ್ನದು. ನಾನೂ ನಿಲ್ತೀನಿ."

ಬೇಡವೆನ್ನಬೇಕೆಂದು ಆಗಲಪ್ಪನವರ ಮೈಯ ಪ್ರತಿಯೊಂದು ಅಂಗವೂ ಹೇಳಿತು. ನಾಲಗೆ ಮಾತ್ರ, "ಆಗ್ಲಿ ಸಾರ್" ಎಂದಿತು.

ಮುಖ್ಯ ಎಂಜಿನಿಯರರು ಹಾಡಿದರು. ಅನ್ಯಾಯ ಹೇಳಬಾರದು: ಅವರು ಸರಿಯಾಗಿ ಹಾಡಿದರು. ಶಾಲೆಯಲ್ಲಿ ಕಲಿಸುವ ಗಾಂಧಾರ, ಎಲ್ಲ ಕೀಬೋರ್ಡುಗಳಲ್ಲೂ ಇರುವ ಗಾಂಧಾರ, ಒಂದು ಕೂದಲೆಳೆಯೂ ಅತ್ತಿತ್ತ ಇಲ್ಲ. ಆದರೆ ಉಳಿದ ಮೂವರೂ ಪೆಟ್ಟಿಗೆಯೂ ಸಂದಿಯಲ್ಲಿದ್ದರು. ಆ ಮೂವರು ಸೇರಿ ಕಟ್ಟಿದ ನಿಶ್ಚಲವಾದ ನೀರಿಗೆ ಪ್ರತಿ ಸಾಲಿನ ಕೊನೆಗೂ ಮುಖ್ಯ ಎಂಜಿನಿಯರರು ಒಂದು ಕಲ್ಲು ಎತ್ತಿಹಾಕುತ್ತಿದ್ದರು. ಕೊನೆಯ ಸಾಲಿನಲ್ಲಿ ಅವರಿಗೆ ಕೆಮ್ಮು ಬಂದು ಬಾಯಿ ಮುಚ್ಚಿಕೊಂಡರು. ಆ ಒಂದು ಸಾಲು ಇಡೀ ಸಭಾಂಗಣದ ಮೇಲೆ ಅಲುಗದೆ ನಿಂತಿತು. ಮುಗಿದ ಮೇಲೂ ಯಾರೂ ಕೈ ತಟ್ಟಲಿಲ್ಲ; ಮುಗಿಯಿತೆಂದು ತಿಳಿಯಲು ಜನಕ್ಕೆ ಸ್ವಲ್ಪ ಹೊತ್ತು ಬೇಕಾಯಿತು.

ತೀರ್ಪುಗಾರ್ತಿ ಎದ್ದು ನಿಂತರು. "ಮೊದಲ ಬಹುಮಾನ ನೀರು ಸರಬರಾಜು ಇಲಾಖೆಗೆ. ಅವರು ಹಿಡಿದ ಗಾಂಧಾರ ಯಾವ ಕೀಬೋರ್ಡಿನಲ್ಲೂ ಸಿಗುವುದಿಲ್ಲ. ಸ್ವರಸಾಮರಸ್ಯ ಎಂದರೆ ಅದು. ಆದರೆ ತಂಡದಲ್ಲಿ ಒಂದು ದನಿ ಮೊದಲಿನಿಂದಲೂ ಅಪಸ್ವರ. ಮುಂದಿನ ಸಲ ಆ ಒಬ್ಬರನ್ನು ದಯವಿಟ್ಟು ಮನೆಯಲ್ಲೇ ಬಿಟ್ಟು ಬನ್ನಿ."

ವೇದಿಕೆಯ ಹಿಂದಿನ ಕೋಣೆಯಲ್ಲಿ ಮುಖ್ಯ ಎಂಜಿನಿಯರರು ಕಪ್ಪನ್ನು ಕಂಕುಳಲ್ಲಿ ಒತ್ತಿಕೊಂಡು ಕುದಿಯುತ್ತಿದ್ದರು.

"ಕಪ್ ಬಂತು, ಮಾನ ಹೋಯ್ತು! ನನ್ನ ಹಾಡಿಗೆ ಅಪಸ್ವರ ಹಾಕಿದವರು ಯಾರು? ಆಗಲಪ್ಪನವರೇ, ತಂಡ ನಿಮ್ಮದು. ಹೆಸರು ಹೇಳಿ. ಅವನು ಗುಡ್ಡ ಹತ್ತಲಿ. ಹೇಳದಿದ್ರೆ ಆರ್ಡರ್‌ನಲ್ಲಿ ನಿಮ್ಮ ಹೆಸರೇ ಇದೆ, ನೀವೇ ಹತ್ತಿ."

ಟೈಪಿಸ್ಟ್ ಗೋಡೆ ನೋಡಿದಳು. ಕ್ಯಾಷಿಯರ್ ಚಾವಣಿ ನೋಡಿದ. ಮೀಟರ್ ರೀಡರ್ ಕಣ್ಣು ಮುಚ್ಚಿದ. ಬಾಗಿಲಲ್ಲಿ ಹೆಂಡತಿ ಸೆರಗೋ ಬಾಗಿಲ ಪರದೆಯೋ ಯಾವುದೋ ಒಂದನ್ನು ಹಿಂಡುತ್ತಿದ್ದಳು. ಆಗ ಹಿಂದಿನಿಂದ ರಿಪೇರಿಯವನು ನುಗ್ಗಿ ಬಂದ.

"ಯಾರು ಅಂತ ಕೇಳ್ತೀರಲ್ಲ ಸ್ವಾಮಿ! ನೀವೇ! ಬೆಳಗಿನಿಂದ ಕೆರೆದು ಕೆರೆದು ನನ್ನ ಬೆರಳು ಹೋಯ್ತು, ನೀವು ಬಂದು ಅದರ ಮೇಲೆ ಟ್ಯಾಂಕರ್ ಹತ್ತಿಸಿಬಿಟ್ರಿ!"

"ಈ ಮನುಷ್ಯ ಯಾರು?" ಎಂದರು ಮುಖ್ಯ ಎಂಜಿನಿಯರರು. ದೊಡ್ಡ ದನಿ ಮೊದಲ ಬಾರಿಗೆ ಸಣ್ಣದಾಗಿತ್ತು. ಅದು ಇನ್ನೂ ಭಯಂಕರವಾಗಿತ್ತು. "ಆಗಲಪ್ಪನವರೇ, ಇವನು ಹೇಳೋದು ನಿಜವಾ?"

ಆಗಲಪ್ಪನವರಿಗೆ ಈ ಸಲ ಏನೂ ಹೊಳೆಯಲಿಲ್ಲ. ಸುಳ್ಳು ಹೊಳೆಯದೆ ಇದ್ದಾಗ ಮನುಷ್ಯ ಏನು ಮಾಡುತ್ತಾನೋ ಅದನ್ನೇ ಮಾಡಿದರು.

"ಸಾರ್, ನೀವೊಬ್ರೇ ಸರಿ. ನಾವೆಲ್ಲ ತಪ್ಪು. ಹಾರ್ಮೋನಿಯಮ್ಮೂ ತಪ್ಪು. ತಪ್ಪೆಲ್ಲ ಒಂದಾಗಿ ನಿಂತುಬಿಟ್ಟಾಗ ಸರಿಯಾಗಿರೋದು ಒಂಟಿಯಾಗಿ ಬೇರೆ ಕೇಳಿಸುತ್ತೆ ಸಾರ್. ಇದರಲ್ಲಿ ನಿಮ್ಮದೇನೂ ಇಲ್ಲ."

ಅಂಥ ಮೌನವನ್ನು ಆಗಲಪ್ಪನವರು ಮನೆಯಲ್ಲೂ ಕೇಳಿರಲಿಲ್ಲ. ಮುಖ್ಯ ಎಂಜಿನಿಯರರ ಕಣ್ಣಲ್ಲಿ ನೀರಾಡಿತು.

"ನನ್ನ ಇಡೀ ಸರ್ವೀಸಿನಲ್ಲಿ" ಎಂದರು, "ಪ್ರತಿಯೊಂದು ಮೀಟಿಂಗಿನಲ್ಲೂ ನಾನು ಇದನ್ನೇ ಹೇಳ್ತಾ ಬಂದಿದ್ದೀನಿ. ನಾನೊಬ್ಬನೇ ಸರಿ, ಉಳಿದವರೆಲ್ಲ ತಪ್ಪು. ಒಬ್ಬನಾದ್ರೂ ಒಪ್ಕೊಂಡನಾ? ನನ್ನನ್ನ ಅರ್ಥ ಮಾಡ್ಕೊಂಡವರು ನೀವೊಬ್ರೇ ಕಣ್ರೀ."

ಅವರು ಜೇಬಿನಿಂದ ಆರ್ಡರ್ ತೆಗೆದು ಹರಿದು ಚೂರು ಮಾಡಿದರು. ಟೈಪಿಸ್ಟ್ ಚಪ್ಪಾಳೆ ತಟ್ಟಿದಳು. ಹೆಂಡತಿ ಪರದೆ ಬಿಟ್ಟು, ಹಿಂದೆಯೇ ಬಂದು ನಿಂತಿದ್ದ ಭಾವಮೈದನ ಬೆನ್ನಿಗೆ ಪ್ರೀತಿಯಿಂದ ಒಂದು ಗುದ್ದು ಕೊಟ್ಟಳು. ಮಾತು ಮತ್ತೆ ಶುರುವಾಗಿತ್ತು.

"ಇನ್ನು ಬಿಡೋ ಹಾಗಿಲ್ಲ" ಎಂದು ಮುಖ್ಯ ಎಂಜಿನಿಯರರು ಆಗಲಪ್ಪನವರ ಭುಜ ಅಪ್ಪಿ ಹಿಡಿದರು. ದನಿ ಹಳೆಯ ಅಳತೆಗೆ ಮರಳಿತ್ತು. "ನಾಳೆಯಿಂದ ದಿನಾ ಬೆಳಿಗ್ಗೆ ಆರಕ್ಕೆ ನಿಮ್ಮ ಮನೆಗೆ ಬರ್ತೀನಿ. ತಂಡದವರೂ ಬರಬೇಕು. ನಾನು ಹಾಡ್ತೀನಿ, ನೀವೆಲ್ಲ ನನ್ನ ಸ್ವರಕ್ಕೆ ಬರೋವರೆಗೂ ಬಿಡಲ್ಲ. ಹಾಡಿಗೇನೂ ಕೊರತೆ ಇಲ್ಲ, ಬೇಕಾದಷ್ಟು ಬರೆದಿಟ್ಟಿದ್ದೀನಿ. ಒಳಚರಂಡಿಯ ಮೇಲೆ ಒಂದು ದೊಡ್ಡದೇ ಇದೆ!"

ಜನ ಬಂದು ಅವರನ್ನು ಅಭಿನಂದನೆಗೆ ಎಳೆದೊಯ್ದರು. ಆಗಲಪ್ಪನವರೂ ಹೆಂಡತಿಯೂ ಹಾರ್ಮೋನಿಯಮ್ಮಿಗೆ ಒರಗಿ ನಿಂತರು. ಗುಡ್ಡ ತಪ್ಪಿತ್ತು. ಮನೆ ಉಳಿದಿತ್ತು. ಹೊರಗೆ ಮುಖ್ಯ ಎಂಜಿನಿಯರರು ಯಾರಿಗೋ ಒಳಚರಂಡಿಯ ಮೊದಲ ಚರಣ ಹಾಡಿ ತೋರಿಸುತ್ತಿದ್ದದ್ದು ಎರಡು ಗೋಡೆ ದಾಟಿ ಕೇಳಿಸುತ್ತಿತ್ತು.

ಆ ಚರಣ ಮುಗಿಯುವವರೆಗೂ ಇಬ್ಬರೂ ಅದನ್ನು ಕೇಳಿದರು.

"ರೀ" ಎಂದಳು ಹೆಂಡತಿ ಮೆಲ್ಲಗೆ. "ಆ ಗುಡ್ಡದ ಮೇಲಿನ ಕೋಣೇಲಿ ಇಬ್ಬರಿಗೆ ಜಾಗ ಆಗುತ್ತಾ ಕೇಳಿ ಬನ್ನಿ. ಹೊಲಿಗೆ ಯಂತ್ರ ಏನು, ಅಲ್ಲೂ ಓಡುತ್ತೆ."

ಆಗಲಪ್ಪನವರು ಓಡಿದರು. ಜನರ ನಡುವೆ ನುಗ್ಗಿ, ಉಸಿರು ಬಿಗಿಹಿಡಿದು ಕೇಳಿಯೇಬಿಟ್ಟರು. "ಸಾರ್, ಆ ಗುಡ್ಡದ ಪಂಪಿಂಗ್ ಸ್ಟೇಷನ್ ಕೆಲಸ…"

"ಅಯ್ಯೋ, ಅದರ ಚಿಂತೆ ಬಿಟ್ಬಿಡಿ!" ಎಂದು ಮುಖ್ಯ ಎಂಜಿನಿಯರರು ಅವರ ಬೆನ್ನು ತಟ್ಟಿದರು. "ಈಗಷ್ಟೇ ಮೀಟರ್ ರೀಡರ್ ಬಂದು ಕೈಮುಗಿದು ಕೇಳ್ಕೊಂಡ. ಕೊಟ್ಟುಬಿಟ್ಟೆ. ಪುಣ್ಯಾತ್ಮ, ಇವತ್ತಿನ ಕೊನೇ ಬಸ್ಸಿಗೇ ಹೊರಟ."